ಕರಿ ಬನಿಯನ್ನಿನ ಟೋಳಿ

ನನಗೊಂದು ಕೆಟ್ಟ ಚಟವಿದೆ. ನಾಲ್ಕು ಜನ ಹೆಗಲ ಮೇಲೆ ಕೈ ಹಾಕಿಕೊಂಡು ಫೋಟೋಕ್ಕೆ ನಿಂತದ್ದನ್ನು ಕಂಡರೆ, ಇವರಲ್ಲಿ ಮೊದಲು ಕುರ್ಚಿ ಎತ್ತುವವನು ಯಾರು ಎಂದು ಹುಡುಕುತ್ತೇನೆ. ಮದುವೆಯ ಫೋಟೋ ಇರಲಿ, ನಿವೃತ್ತಿ ಸಮಾರಂಭದ್ದಿರಲಿ, ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಎದುರು ಕಟ್ಟಿದ ಹುಟ್ಟುಹಬ್ಬದ ಬ್ಯಾನರ್ ಇರಲಿ, ಬಿಡುವುದಿಲ್ಲ. ನಡುವೆ ನಿಂತು ಹಲ್ಲು ಕಿರಿಯುವವನ ಮೇಲೆ ನನಗೆ ಸಂಶಯವಿಲ್ಲ. ಅಂಚಿಗೆ ನಿಂತು ಅರ್ಧ ಮುಖದಲ್ಲಿ ಮಾತ್ರ ನಗುವವನು ಇರುತ್ತಾನಲ್ಲ, ಅವನ ಮೇಲೆ ಕಣ್ಣು. ಒಮ್ಮೆ ಹೆಂಡತಿಯ ತವರಿನ ಆಲ್ಬಮ್ಮಿನಲ್ಲಿ ಅವಳ ಎರಡನೆಯ ಅಣ್ಣನ ಮೇಲೆ ಬೆರಳಿಟ್ಟು "ಇಂವ" ಎಂದಿದ್ದೆ. ನಾಲ್ಕೇ ವರ್ಷಕ್ಕೆ ಅವನು ಹೊಲದ ನಡುವೆ ತಂತಿ ಬೇಲಿ ಹಾಕಿಸಿದ. ಅಂದಿನಿಂದ ಅವಳು ನನ್ನ ಮುಂದೆ ಆಲ್ಬಮ್ ತೆಗೆಯುವುದನ್ನೇ ಬಿಟ್ಟಿದ್ದಾಳೆ.

ಈ ಚಟ ಹಚ್ಚಿದ್ದು ಟಿ.ವಿ.ಯ ಕುಸ್ತಿ. ನೀವೂ ನೋಡಿರುತ್ತೀರಿ: ಹಗ್ಗ ಕಟ್ಟಿದ ಅಟ್ಟ, ಕಣ್ಣು ಕುಕ್ಕುವ ದೀಪ, ಬಣ್ಣದ ಚಡ್ಡಿ ಹಾಕಿಕೊಂಡು ಒಬ್ಬರ ಮೇಲೊಬ್ಬರು ಹಾರಿ ಬೀಳುವ ದೈತ್ಯರು. ಯಾರು ಗೆಲ್ಲಬೇಕೆಂಬುದು ಮೊದಲೇ ಗೊತ್ತಾಗಿರುತ್ತದೆ, ನೋಡುವವರಿಗೆ ಮಾತ್ರ ಗೊತ್ತಿರುವುದಿಲ್ಲ. ಆ ಕುಸ್ತಿಯಲ್ಲಿ ನನಗೆ ಹಿಡಿಸಿದ್ದು ಒಂಟಿ ಪೈಲ್ವಾನರಲ್ಲ, ಗುಂಪು ಕಟ್ಟಿಕೊಂಡು ಬರುವವರು. ಇಂಗ್ಲಿಷಿನಲ್ಲಿ ಅಂಥ ಗುಂಪಿಗೆ ಕುದುರೆ ಕಟ್ಟುವ ಲಾಯದ ಹೆಸರೇ ಇದೆಯಂತೆ. ನಾವು ಟೋಳಿ ಎನ್ನುತ್ತಿದ್ದೆವು. ಎಷ್ಟು ಟೋಳಿ ಬಂದರೂ ಎಲ್ಲವುಗಳ ಗತಿ ಒಂದೇ. ಮೂರು-ನಾಲ್ಕು ವರ್ಷ ಒಟ್ಟಿಗೆ ಉಂಡು, ಒಟ್ಟಿಗೆ ಹೊಡೆದು, ಕೊನೆಗೊಂದು ದಿನ ಒಬ್ಬ ಮಡಚುವ ಕಬ್ಬಿಣದ ಕುರ್ಚಿ ಎತ್ತಿ ಗೆಳೆಯನ ಬೆನ್ನಿಗೆ ಬಾರಿಸುತ್ತಾನೆ.

ಚಟ ಬೇರೆಯವರ ಫೋಟೋದ ಮೇಲಿದ್ದಾಗ ಮಜವಾಗಿಯೇ ಇತ್ತು. ಈ ವರ್ಷ ಕುರ್ಚಿ ಎತ್ತಿದವನು ನಾನು. ಪೆಟ್ಟು ತಿಂದವನು ದಾದಾಪೀರ, ಇಪ್ಪತ್ಮೂರು ವರ್ಷ ನನ್ನ ಜೊತೆ ಒಂದೇ ಶಾಲೆಯಲ್ಲಿ ಪಾಠ ಹೇಳಿದವನು, ಒಂದೇ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಬಂದವನು. ಅವನಿಗೆ ನಾನು ಇವತ್ತಿನವರೆಗೂ ತಪ್ಪಾಯಿತು ಎಂದಿಲ್ಲ. ಅವನೂ ಕೇಳಿಲ್ಲ. ಆ ಒಂದು ಮಾತನ್ನು ಎಲ್ಲಿ, ಯಾರ ಮುಂದೆ ಇಳಿಸಲಿ ಎಂಬುದೇ ಮೊನ್ನೆಯವರೆಗೂ ನನ್ನ ಚಿಂತೆಯಾಗಿತ್ತು. ಹೇಳಿಯೇ ಏಳುತ್ತೇನೆ. ಆದರೆ ನನಗೆ ದಣಿವಾಗಿದೆ, ನೆಟ್ಟಗೆ ಬರುವ ಶಕ್ತಿಯಿಲ್ಲ. ಸುತ್ತು ಹಾಕಿಕೊಂಡು ಬರುತ್ತೇನೆ, ತಡೆದುಕೊಳ್ಳಿ.

ನೌಕರಿ ಸಿಕ್ಕ ಹೊಸದರಲ್ಲಿ ನಾನು ಮತ್ತು ದಾದಾಪೀರ ಕಟಕೋಳದಲ್ಲಿ ಒಂದು ಖೋಲಿ ಹಿಡಿದಿದ್ದೆವು. ಶಾಲೆ ಅಲ್ಲಿಂದ ಮೂರು ಮೈಲಿ ಆಚೆಯ ಹಳ್ಳಿಯಲ್ಲಿ. ಖೋಲಿಯ ಕೆಳಗೆ ಹಿಟ್ಟಿನ ಗಿರಣಿ. ಗಿರಣಿ ಶುರುವಾದರೆ ನಮ್ಮ ಮಂಚ ತಾನಾಗಿ ಗೋಡೆಯಿಂದ ಬಾಗಿಲ ಕಡೆ ನಡೆದು ಬರುತ್ತಿತ್ತು. ಗಿರಣಿ ನಡೆಸುವ ಮಲ್ಲವ್ವನೇ ನಮ್ಮ ಮನೆ ಮಾಲಕಿ, ಮೈಯೆಲ್ಲ ಜೋಳದ ಹಿಟ್ಟು, ಬಾಯಲ್ಲಿ ಎಲೆಯಡಿಕೆ. ಓಣಿಗೆಲ್ಲ ಕೇಬಲ್ ಇದ್ದ ಟಿ.ವಿ. ಅವಳೊಬ್ಬಳ ಹತ್ತಿರ. ರವಿವಾರ ಸಂಜೆ ಗಿರಣಿ ಬಂದ್ ಮಾಡಿ, ಚಾಪೆ ಹಾಸಿ, "ಬರ್ರಿ ಮಾಸ್ತರಗೋಳ್ರ್ಯಾ, ನಿಮ್ಮ ಹೊಡದಾಟ ಬಂತು" ಎಂದು ಕೂಗುತ್ತಿದ್ದಳು. ತಾನೂ ಕೂತು ನೋಡುತ್ತಿದ್ದಳು. ಆರಡಿ ಎತ್ತರದವನೊಬ್ಬ ಏಣಿಯಿಂದ ಬಿದ್ದರೆ "ಅಯ್ಯ ನನ್ನಪ್ಪಾ, ಇದರ ಅವ್ವ ಎಲ್ಲಿ ಕುಂತ ನೋಡಾಕತ್ತಾಳೋ" ಎಂದು ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಳು. ಎಲ್ಲ ಸುಳ್ಳು ಎಂದು ನಾನು ತಿಳಿಸಿ ಹೇಳಿದರೆ, "ಬಿದ್ದದ್ದ ಖರೇ ಹೌದಲ್ಲೋ" ಎನ್ನುವಳು.

ಆಗ ಕರಿ ಬನಿಯನ್ನಿನ ಟೋಳಿಯ ಹಳೆಯ ಕುಸ್ತಿಗಳನ್ನು ಮತ್ತೆ ಮತ್ತೆ ಹಾಕುತ್ತಿದ್ದರು. ಊರಿಗೆಲ್ಲ ಒಳ್ಳೆಯವನಾಗಿದ್ದ ನಾಯಕನೊಬ್ಬ ದುಷ್ಟರ ಕೈ ಹಿಡಿದು, ಕರಿ ಬನಿಯನ್ ತೊಟ್ಟುಬಿಟ್ಟ. ಜನ ರಿಂಗಿನೊಳಗೆ ಕಸ ಎಸೆದರು. ನಾವು ಮೂವರು ಮಾಸ್ತರರು ಅವನ ಅಭಿಮಾನಿಗಳಾದೆವು. ಇಡೀ ದಿನ ಒಳ್ಳೆಯ ಮಾತು ಹೇಳಿ ಹೇಳಿ ಬಾಯಿ ಸಪ್ಪೆಯಾದವರಿಗೆ ಕೆಟ್ಟವನೊಬ್ಬ ಬೇಕಾಗುತ್ತಾನೆ, ಅಷ್ಟೇ. ಆ ಟೋಳಿ ಕೆಟ್ಟದ್ದು ಕುರ್ಚಿಯಿಂದಲ್ಲ, ಬನಿಯನ್ನಿನಿಂದ. ಕೇಳಿದವರಿಗೆಲ್ಲ ಬನಿಯನ್ ಕೊಡುತ್ತ ಹೋದರು. ಕಡೆಗೆ ಹೊಡೆಯೋಣವೆಂದರೆ ಹೊರಗಿನವರೇ ಉಳಿಯಲಿಲ್ಲ.

ಮೂವರು ಎಂದೆನಲ್ಲ, ಮೂರನೆಯವನು ಸಂಪಗಾಂವದ ಈರಪ್ಪ, ನಮ್ಮ ಶಾಲೆಯ ಪಿ.ಟಿ. ಮಾಸ್ತರ. ಅವನು ತಾಲೀಮು ಮನೆಯ ಕೆಮ್ಮಣ್ಣಿನಲ್ಲಿ ಬೆಳೆದ ಖರೆ ಪೈಲ್ವಾನ. ಕಿವಿಗಳೆರಡೂ ಮಡಚಿ ಹಪ್ಪಳವಾಗಿದ್ದವು. ಟಿ.ವಿ. ನೋಡುತ್ತಿದ್ದದ್ದು ಮಲ್ಲವ್ವನ ಮಂಡಕ್ಕಿಗಾಗಿ ಮಾತ್ರ. "ಒಬ್ಬನ್ನ ಕೆಡವಾಕ ನಾಕ ಮಂದಿ ಯಾಕ ಬೇಕ್ರಿ ಸರ? ಇವು ಏನ ಕಬ್ಬಿನ ಗಾಡಿ ತಳ್ಳಾಕ ಬಂದಾವೇನು?" ಎಂದು ಪ್ರತಿ ವಾರ ಕೇಳುತ್ತಿದ್ದ. ಆದರೂ ಶಾಲೆಯ ವಾರ್ಷಿಕ ಗ್ಯಾದರಿಂಗ್ ಬಂದಾಗ, ನಾವು ಮೂವರೂ ಟೋಳಿಯಾಗಿ ಒಂದು ಕುಸ್ತಿಯ ನಾಟಕ ಮಾಡೋಣ ಎಂದರೆ, ಪಾಪ, ಒಪ್ಪಿಕೊಂಡ.

ರಾಮದುರ್ಗದ ಪ್ಯಾಟಿಯಿಂದ ಕರಿ ಬಣ್ಣದ ಪುಡಿ ತಂದೆವು. ಮಲ್ಲವ್ವನ ನೀರು ಕಾಯಿಸುವ ಹಂಡೆಯಲ್ಲಿ ಮೂರು ಬಿಳಿ ಬನಿಯನ್ ಹಾಕಿ ಕುದಿಸಿದೆವು. ಮುಂದೆ ಹದಿನೈದು ದಿನ ಅವಳು ಕರಿ ನೀರಿನಲ್ಲೇ ಸ್ನಾನ ಮಾಡಿದಳು, ಬೈದದ್ದು ಮಾತ್ರ ಒಂದು ದಿನ. ನಾಟಕ ದಾದಾಪೀರನದು. ಮೂವರೂ ಬರಬೇಕು, ಮುಷ್ಟಿಗೆ ಮುಷ್ಟಿ ತಾಗಿಸಬೇಕು, ಜನ ಚಪ್ಪಾಳೆ ಹೊಡೆಯುವಾಗ ನಾನು ಹಿಂದಿನಿಂದ ಈರಪ್ಪನಿಗೆ ಕುರ್ಚಿಯಿಂದ ಬಡಿಯಬೇಕು, ಅವನು ಅಂಗಾತ ಬೀಳಬೇಕು, ಸೋತನೆಂದು ದಾದಾಪೀರ ಮೂರು ಎಣಿಸಬೇಕು. ಕುರ್ಚಿಯನ್ನು ರಟ್ಟಿನಿಂದ ಮಾಡಿ ಬೆಳ್ಳಿ ಕಾಗದ ಹಚ್ಚಿದ್ದೆವು.

ಬಡಿದೆ. ಕುರ್ಚಿ ಮುದ್ದೆಯಾಯಿತು. ಈರಪ್ಪ ಕಂಬದ ಹಾಗೆ ನಿಂತೇ ಇದ್ದ.

"ಬೀಳ್ರಿ ಸರ" ಎಂದೆ ಮೆಲ್ಲಗೆ.

"ಆಗೂದಿಲ್ರಿ" ಎಂದ, ತುಟಿ ಅಲ್ಲಾಡಿಸದೆ. "ಮುಂದಿನ ಸಾಲಿನ್ಯಾಗ ನಮ್ಮ ಕಾಕಾ ಕುಂತಾನ."

ದಾದಾಪೀರ ಹೋಗಿ ಕಾಲು ಹಿಡಿದು ಎಳೆದ. ಏನು ತೋಚಿತೋ, ಈರಪ್ಪ ನಮ್ಮಿಬ್ಬರನ್ನೂ ಒಂದೊಂದು ಕಂಕುಳಲ್ಲಿ ಅಮುಕಿ ಎತ್ತಿ, ಹಲಗೆಯ ಮೇಲೆ ಜೋಡಿಸಿ ಮಲಗಿಸಿ, ಮೇಲೆ ಕೂತುಬಿಟ್ಟ. ಅವನ ಕಾಕಾ ಎದ್ದು ನಿಂತು ತಲೆಯ ಪಟಗಾ ಬಿಚ್ಚಿ ಹಾರಿಸಿದ. ಕುಸ್ತಿಯಲ್ಲಿ ಬೆನ್ನಿಗೆ ಮಣ್ಣು ಹತ್ತಿದರೆ ಸೋತಂತೆ. ಅದು ನಾಟಕದ ಮಣ್ಣಾದರೂ ಸೋಲೇ, ಅದನ್ನು ಸುಳ್ಳುಸುಳ್ಳೇ ಹತ್ತಿಸಿಕೊಳ್ಳಲು ಬರುವುದಿಲ್ಲ ಎಂದು ಆಮೇಲೆ ಕೈ ಮುಗಿದು ಹೇಳಿದ. ಮುಖ್ಯಾಧ್ಯಾಪಕರು ಸಂತೋಷದಿಂದ ನಮ್ಮನ್ನು ಒಬ್ಬೊಬ್ಬರನ್ನಾಗಿ ಅಪ್ಪಿಕೊಂಡರು. ಬೆವರಿಗೆ ಬಣ್ಣ ಬಿಟ್ಟಿತ್ತು. ಅವರ ಬಿಳಿ ಅಂಗಿಯ ಮೇಲೆ ಮೂವರ ಎದೆಯೂ ಮೂಡಿತು.

ಮದುವೆಯಾದ ಮೇಲೆ ಈರಪ್ಪ ಕಿತ್ತೂರಿನ ಕಡೆ ವರ್ಗ ಮಾಡಿಸಿಕೊಂಡು ಹೋದ. ನಾನೂ ದಾದಾಪೀರನೂ ಬೈಲಹೊಂಗಲದಲ್ಲಿ ಎರಡು ಓಣಿ ಅಂತರದಲ್ಲಿ ಮನೆ ಮಾಡಿದೆವು, ಶಾಲೆ ಮಾತ್ರ ಅಲ್ಲೇ ಉಳಿಯಿತು. ಮುಂಜಾನೆ ಆರರ ಬಸ್ಸು, ಸವದತ್ತಿಯಲ್ಲಿ ಇಳಿದು ಇನ್ನೊಂದು, ಕಟಕೋಳದಿಂದ ಸಿಕ್ಕ ಗಾಡಿ. ಮನೆ ಸೇರುವಾಗ ರಾತ್ರಿ ಎಂಟು. ಬಸ್ಸಿನಲ್ಲಿ ನಿದ್ದೆ ಮಾಡಿದಷ್ಟು ನಾನು ಹಾಸಿಗೆಯಲ್ಲಿ ಮಾಡಿಲ್ಲ. ಶಾಲೆಯಲ್ಲಾದರೂ ಆರಾಮವೇ? ಮೊಟ್ಟೆ ತಿಂದ ಮಕ್ಕಳ ಲೆಕ್ಕ ಮೊಬೈಲಿನಲ್ಲಿ ಹಾಕಬೇಕು, ಗಿಡಕ್ಕೆ ನೀರು ಹಾಕಿದ ಫೋಟೋ ಹಾಕಬೇಕು, ನೆಟ್‌ವರ್ಕ್ ಬೇಕೆಂದರೆ ನೀರಿನ ಟಾಕಿಯ ಮೆಟ್ಟಿಲು ಹತ್ತಬೇಕು. ನನ್ನ ಎಡ ಮೊಣಕಾಲು ಹೋದದ್ದು ಆ ಟಾಕಿಯ ಮೇಲೆ. ಸರಕಾರದ ಯಾವ ಕಾಗದದಲ್ಲೂ ಅದರ ದಾಖಲೆಯಿಲ್ಲ.

ಬಸ್ಸಿನಲ್ಲಿ ಎಚ್ಚರವಿದ್ದಷ್ಟು ಹೊತ್ತು ನಮ್ಮದು ಒಂದೇ ವಾದ: ಎಲ್ಲಕ್ಕಿಂತ ಒಳ್ಳೆಯ ಟೋಳಿ ಯಾವುದು? ಸವದತ್ತಿ ಬರುವವರೆಗೆ ಒಂದು ತೀರ್ಮಾನ, ಅಲ್ಲಿಂದ ಮುಂದೆ ಇನ್ನೊಂದು. ನನಗೆ ಸೂಟುಬೂಟಿನ ಟೋಳಿ ಇಷ್ಟವಾಗಿತ್ತು. ಅದರಲ್ಲಿ ಒಬ್ಬ ಮುದುಕ, ಒಬ್ಬ ನಡುವಯಸ್ಸಿನ ಯಜಮಾನ, ಇಬ್ಬರು ತರುಣರು. ಅವರಲ್ಲೊಬ್ಬ ತರುಣ ಸೊಂಟಕ್ಕೆ ಕಟ್ಟುವ ದೊಡ್ಡ ಪಟ್ಟಾ ಗೆದ್ದ ಮರುದಿನ ಯಜಮಾನ ಅವನನ್ನು ಹೆಗಲ ಮೇಲೇರಿಸಿ ಮೆರೆಸಿ, ನಗುನಗುತ್ತಲೇ ಹೆಬ್ಬೆರಳನ್ನು ಕೆಳಗೆ ತಿರುಗಿಸಿಬಿಟ್ಟ, ಇವನನ್ನು ಬಡಿಯಿರಿ ಎಂದು. ಕಚೇರಿಗಳಲ್ಲಿ ದಿನಾ ನಡೆಯುವುದೇ ಇದು, ಅಲ್ಲಿ ಹೆಗಲ ಮೇಲೆ ಎತ್ತುವುದಿಲ್ಲ ಅಷ್ಟೇ. ನನ್ನ ಹೆಂಡತಿ ಈಚಿನ ಟೋಳಿಯೊಂದನ್ನು ಮಾತ್ರ ನೋಡುತ್ತಾಳೆ. ಎಲ್ಲರೂ ಒಂದೇ ಮನೆತನದ ಅಣ್ಣತಮ್ಮಂದಿರು, ಹಿರಿಯನ ಎದುರು ಉಳಿದವರು ತಲೆ ಬಾಗಿಸಿ ಒಪ್ಪಿಕೊಳ್ಳಬೇಕು. ಅವಳಿಗೆ ಅದು ಧಾರಾವಾಹಿಯ ಹಾಗೆ. "ಆ ಸಣ್ಣಾಂವ ನೋಡ್ರಿ, ಎಷ್ಟ ಸೈಸ್ತಾನ" ಎಂದು ಮರುಗುತ್ತಾಳೆ.

ದಾದಾಪೀರನ ಟೋಳಿ ಬೇರೆ. ಕರಿ ಅಂಗಿಯ ಮೂವರು ಹುಡುಗರು. ಎಲ್ಲರ ಹಾಗೆ ಮುಂಬಾಗಿಲಿನಿಂದ ಬರುತ್ತಿರಲಿಲ್ಲ, ಜನರ ನಡುವಿನಿಂದ ಮೆಟ್ಟಿಲಿಳಿದು ಬರುತ್ತಿದ್ದರು. ಅದರಲ್ಲೊಬ್ಬ ಒಂದು ದಿನ, ಕಾರಣವೇ ಇಲ್ಲದೆ, ಅಣ್ಣನಂತಿದ್ದವನ ಬೆನ್ನಿಗೆ ಕುರ್ಚಿ ಬೀಸಿದ. ಮರುದಿನ ದಾದಾಪೀರ ಬಸ್ಸಿನಲ್ಲಿ ಸವದತ್ತಿಯವರೆಗೂ ಕಣ್ಣು ಮುಚ್ಚಿಕೊಂಡೇ ಕೂತ. ಆಮೇಲೆ ಹೇಳಿದ, "ಜಾಸ್ತಿ ಗೆದ್ದ ಟೋಳಿ ದೊಡ್ಡದಲ್ಲೋ ಶಂಕರ್ಯಾ. ಒಡದಾಗ ಯಾವುದು ಜಾಸ್ತಿ ನೋಯಿಸ್ತೈತಿ, ಅದ ದೊಡ್ಡದು."

ಅವನ ಅಪ್ಪ ದೊಡವಾಡದಲ್ಲಿ ಎತ್ತುಗಳಿಗೆ ಲಾಳ ಬಡಿಯುತ್ತಿದ್ದರು. ಎತ್ತನ್ನು ಹಗ್ಗ ಹಾಕಿ ನೆಲಕ್ಕೆ ಕೆಡವಬೇಕು, ಕಾಲು ಕಟ್ಟಬೇಕು, ಆಮೇಲೆ ಮೊಳೆ. ತಲೆ ಹಿಡಿಯಲು ಮಾತ್ರ ಅವರು ಎತ್ತಿನ ಒಡೆಯನನ್ನೇ ಕೂರಿಸುತ್ತಿದ್ದರಂತೆ. ಗೊತ್ತಿದ್ದ ಕೈ ಹಿಡಿದರೆ ಎತ್ತು ಒದ್ದಾಡುವುದಿಲ್ಲ. "ನೋಡು, ಅದಕ್ಕ ಟೋಳ್ಯಾಗ ಹೊಡ್ಯಾಂವ ಗೆಳ್ಯಾನ ಇರತಾನ" ಎಂದ ದಾದಾಪೀರ. ಹೀಗೆ ಎಲ್ಲಿಂದೆಲ್ಲಿಗೋ ಹೊಲಿಗೆ ಹಾಕುವುದು ಅವನ ಪದ್ಧತಿ. ನಾನು ನಕ್ಕು ಕಿಟಕಿಗೆ ತಲೆ ಆನಿಸಿದೆ.

ಎರಡು ವರ್ಷದಿಂದ ಅವನ ಹೆಂಡತಿ ಶಮಶಾದಳ ಕಣ್ಣು ಮಂದವಾಗುತ್ತಿದೆ. ಸಕ್ಕರೆ ಕಾಯಿಲೆ. ಮಗಳನ್ನು ಸವದತ್ತಿಗೆ ಕೊಟ್ಟಿದ್ದಾರೆ, ಮನೆಯಲ್ಲಿ ಹಗಲೆಲ್ಲ ಒಬ್ಬಳೇ. ಆಕೆ ಗ್ಯಾಸಿನ ಒಲೆಯನ್ನು ಸಪ್ಪಳ ಕೇಳಿ ಹಚ್ಚುತ್ತಾಳೆ, ಕೈ ಚಾಚಿ ಬಿಸಿ ನೋಡಿ ಪಾತ್ರೆ ಇಡುತ್ತಾಳೆ. ಚಳಿಗಾಲದಲ್ಲೊಮ್ಮೆ ಬಲಗೈ ಸುಟ್ಟುಕೊಂಡಳು. ನಾವು ಆಗ ಎಪ್ಪತ್ತು ಕಿಲೋಮೀಟರು ಆಚೆ ಮೊಟ್ಟೆ ಎಣಿಸುತ್ತಿದ್ದೆವು.

ಈ ವರ್ಷ ವರ್ಗಾವಣೆಯ ಕೌನ್ಸೆಲಿಂಗ್ ಬಂತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಒಂದು ಹಾಲಿನಲ್ಲಿ ಮಾಸ್ತರರನ್ನು ಕೂರಿಸಿ, ಖಾಲಿ ಇರುವ ಶಾಲೆಗಳ ಹೆಸರನ್ನು ಪರದೆಯ ಮೇಲೆ ಬಿಡುತ್ತಾರೆ. ಹಿರಿತನದ ಪ್ರಕಾರ ಕೂಗುತ್ತಾರೆ. ಕೂಗಿದವನು ಎದ್ದು ಹೋಗಿ ಒಂದು ಶಾಲೆ ಆರಿಸಬೇಕು, ಇಲ್ಲವೆ ಬೇಡ ಎನ್ನಬೇಕು. ಆರಿಸಿದ್ದು ಪರದೆಯಿಂದ ಅಳಿಸಿ ಹೋಗುತ್ತದೆ. ಸಹಿ ಮಾಡಿದ ಮೇಲೆ ಮುಗಿಯಿತು. ಬೈಲಹೊಂಗಲದ ಸುತ್ತ ನಮಗೆ ಸಿಗುವಂಥದ್ದು ಒಂದೇ ಜಾಗ, ಸಂಪಗಾಂವದ ಶಾಲೆ. ಮನೆಯಿಂದ ಅರ್ಧ ತಾಸಿನ ದಾರಿ. ಪಟ್ಟಿಯಲ್ಲಿ ನನ್ನ ಹೆಸರು, ಅದರ ಕೆಳಗೇ ದಾದಾಪೀರನದು. ಇಬ್ಬರೂ ಒಂದೇ ದಿನ ನೌಕರಿಗೆ ಸೇರಿದವರು. ನಾನು ಅವನಿಗಿಂತ ಮೂರು ತಿಂಗಳು ಮೊದಲು ಹುಟ್ಟಿದೆ, ಅಷ್ಟೇ ನನ್ನ ಹಿರಿತನ.

ಸವದತ್ತಿಯ ಬಸ್ ಸ್ಟ್ಯಾಂಡಿನಲ್ಲಿ, ಕಲ್ಲುಬೆಂಚಿನ ಮೇಲೆ ಕೂತು, ಅವನು ಕೇಳಿದ. ಕೇಳಲು ಮೂರು ದಿನ ತಗೊಂಡಿದ್ದ ಎಂದು ನನಗೆ ಗೊತ್ತಿತ್ತು.

"ಶಂಕರ್ಯಾ, ನಿನ್ನ ಹೆಸರ ಕೂಗಿದಾಗ ಬ್ಯಾಡ ಅಂತೀಯೇನೋ? ಮುಂದಿನ ಸಲ ನಿಂದು, ಅಡ್ಡ ಬರಂಗಿಲ್ಲ. ನನ್ನ ಸಲುವಾಗಿ ಅಲ್ಲೋ. ಆಕಿಗೆ ಒಲಿ ಕಾಣವಲ್ದು."

"ಇದನ್ನೇನ ಕೇಳ್ತೀಯೋ ಹುಚ್ಚ" ಎಂದೆ. "ಬ್ಯಾಡ ಅಂತೇನಿ. ಆತು."

ಅವನು ನನ್ನ ಮೊಣಕಾಲು ತಟ್ಟಿದ. ನೋವಿದ್ದ ಮೊಣಕಾಲೇ.

ಆ ಮಾತು ಕೊಟ್ಟಾಗ ನಾನು ಸುಳ್ಳು ಹೇಳಲಿಲ್ಲ. ಇದನ್ನು ನೀವು ನಂಬಬೇಕು. ಬೇಡ ಎನ್ನುವ ಮನಸ್ಸಿನಿಂದಲೇ ಹಾಲಿನೊಳಗೆ ಹೋದೆ, ಅವನ ಪಕ್ಕದಲ್ಲೇ ಕೂತೆ, ಅವನು ತಂದ ಚುರುಮುರಿ ತಿಂದೆ. ಮಧ್ಯಾಹ್ನ ಎರಡು ದಾಟಿತ್ತು. ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ನನ್ನ ಹೆಸರು ಕೂಗಿದರು. ಎದ್ದು ನಡೆದೆ. ಕುರ್ಚಿಯಿಂದ ಮೇಜಿನವರೆಗೆ ಹದಿನೈದು ಹೆಜ್ಜೆ ಇರಬಹುದು, ಪ್ರತಿ ಹೆಜ್ಜೆಗೂ ಮೊಣಕಾಲು ಕಟಕ್ ಎಂದಿತು. ಪರದೆಯ ಮೇಲೆ ಆ ಊರಿನ ಹೆಸರಿತ್ತು. ನಾಳೆಯೂ ಆರರ ಬಸ್ಸು, ನಾಡಿದ್ದೂ ಆರರ ಬಸ್ಸು, ಟಾಕಿಯ ಮೆಟ್ಟಿಲು, ನಿವೃತ್ತಿಗೆ ಇನ್ನೂ ಎಂಟು ವರ್ಷ.

"ಯಾವ ಸಾಲಿ ಬೇಕ್ರಿ ಸರ?" ಎಂದಳು ಕಂಪ್ಯೂಟರಿನ ಮುಂದೆ ಕೂತಿದ್ದ ಹೆಣ್ಣುಮಗಳು.

"ಸಂಪಗಾಂವ" ಎಂದೆ.

ಬಾಯಿ ತಪ್ಪಿತು ಎಂದು ಹೇಳಿಕೊಳ್ಳಬಹುದಿತ್ತು. ಆದರೆ ಆ ಹೆಣ್ಣುಮಗಳು ನಿಯಮದ ಪ್ರಕಾರ ಇನ್ನೊಮ್ಮೆ ಕೇಳಿದಳು, "ಖಾತ್ರಿ ಏನ್ರಿ? ಒತ್ತಿದ ಮ್ಯಾಲ ತಿರುಗಿ ಬರಂಗಿಲ್ಲ." ಖಾತ್ರಿ ಎಂದೆ. ಅವಳು ಒತ್ತಿದಳು. ಪರದೆಯ ಮೇಲಿನ ಸಾಲು ಅಳಿಸಿತು. ಸಹಿ ಮಾಡಿದೆ. ನನ್ನ ಸಹಿ ಅವತ್ತು ಯಾವತ್ತಿಗಿಂತ ಚೆನ್ನಾಗಿ ಬಂತು.

ಟಿ.ವಿ.ಯಲ್ಲಾದರೆ ಜನ ಎದ್ದು ನಿಂತು ಛೀ ಎನ್ನುತ್ತಾರೆ. ಅಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ಮುಂದಿನ ಹೆಸರು ಕೂಗಿದರು. ದಾದಾಪೀರ ಎದ್ದು ಬಂದ, ನನ್ನನ್ನು ದಾಟುವಾಗ ದಾರಿ ಬಿಟ್ಟುಕೊಟ್ಟ, ಪರದೆ ನೋಡಿದ, "ಬ್ಯಾಡ್ರಿ ಮೇಡಂ" ಎಂದ. ಹೊರಗೆ ಬಂದು ಎರಡು ಚಹಾ ಹೇಳಿದ. ನಾನು ಬಾಯಿ ತೆರೆದೆ. ಅವನೇ ಮೊದಲು ಹೇಳಿಬಿಟ್ಟ, "ನಿನ್ನ ಮೊಣಕಾಲ ಕೇಳಲಿಲ್ಲ ಬಿಡೋ. ನನಗ ತಿಳೀತೈತಿ." ನನ್ನ ಪರವಾಗಿ ಅವನೇ ಒಂದು ನೆಪ ಹುಡುಕಿ, ಒರೆಸಿ ಕೈಗೆ ಕೊಟ್ಟ. ನಾನು ಅದನ್ನು ತಗೊಂಡೆ. ತಪ್ಪಾಯಿತು ಎಂಬ ಮಾತು ಹಾಗೆಯೇ ಒಳಗೆ ಉಳಿಯಿತು.

ಕಾರ್ಯಮುಕ್ತಿಯ ಆದೇಶ ಬರುವವರೆಗೆ ಇನ್ನೂ ಎರಡು ವಾರ ಒಟ್ಟಿಗೆ ಓಡಾಡಿದೆವು. ಕಿಟಕಿಯ ಸೀಟು ನನಗೇ ಹಿಡಿದಿಡುತ್ತಿದ್ದ. ಬೀಳ್ಕೊಡುಗೆಯ ದಿನ ಮಾಲೆ ಹಾಕಿ, ಇಂಥ ಗೆಳೆಯ ಸಿಗುವುದಿಲ್ಲ ಎಂದು ಭಾಷಣ ಮಾಡಿದ. ಬೈದಿದ್ದರೆ ನಾನು ಬದುಕುತ್ತಿದ್ದೆ. ಕಿತ್ತೂರಿನಿಂದ ಈರಪ್ಪನ ಫೋನ್ ಬಂತು. ಅವನಿಗೆ ಸುದ್ದಿ ಹೇಗೆ ಮುಟ್ಟಿತೋ. ತನ್ನ ಊರಿನ ಶಾಲೆಗೆ ನಾನು ಹೋದೆನೆಂದು ಖುಷಿಪಡುತ್ತಾನೆ ಎಂದುಕೊಂಡಿದ್ದೆ. "ನಿಮ್ಮ ಬೆನ್ನಿಗೆ ಮಣ್ಣ ಹತ್ತೇತ್ರಿ ಸರ" ಎಂದು ಇಟ್ಟುಬಿಟ್ಟ.

ಹೊಸ ಶಾಲೆ ಒಳ್ಳೆಯದು. ತರಗತಿಯಲ್ಲೇ ನೆಟ್‌ವರ್ಕ್ ಸಿಗುತ್ತದೆ. ಐದು ಗಂಟೆಗೆ ಬೈಲಹೊಂಗಲದಲ್ಲಿರುತ್ತೇನೆ. ಆ ಸಂಜೆಯ ಮೂರು ತಾಸು ಏನು ಮಾಡಬೇಕೆಂದೇ ತಿಳಿಯುವುದಿಲ್ಲ. ಮನೆಯಲ್ಲಿ ಕೂತರೆ ಹೆಂಡತಿ "ಆರಾಮಿಲ್ಲೇನ್ರಿ?" ಎನ್ನುತ್ತಾಳೆ. ದಣಿವು ಹೋಗಲೆಂದು ಗೆಳೆಯನ ಬೆನ್ನು ಮುರಿದೆ, ದಣಿವು ಮಾತ್ರ ಒಂದಿಂಚೂ ಕದಲಿಲ್ಲ.

ಮೊನ್ನೆ ಸೋಮವಾರ ದಾದಾಪೀರ ಫೋನ್ ಮಾಡಿದ. ಅವನ ಹಿಂದೆ ಬಸ್ಸಿನ ಗದ್ದಲ. "ಆಕಿ ಗುಳಿಗಿ ಮುಗದಾವೋ. ನಾ ಬರೋದರಾಗ ಔಷಧದ ಅಂಗಡಿ ಬಂದ್ ಆಗಿರತೈತಿ. ಒಂದೀಟ ಒಯ್ದ ಕೊಡ್ತೀಯೇನು?"

ಗುಳಿಗೆ ತಗೊಂಡು ಹೋದೆ. ವರ್ಗವಾದ ಮೇಲೆ ಆ ಬಾಗಿಲಿಗೆ ಹೋದದ್ದು ಅದೇ ಮೊದಲು. ಬಾಗಿಲು ತೆರೆದೇ ಇತ್ತು. ಪಡಸಾಲೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ಶಮಶಾದ ಹೆಜ್ಜೆಯಿಂದಲೇ ಗುರುತು ಹಿಡಿದಳು, ಎಳೆಯುವ ಎಡಗಾಲು ಊರಿಗೆಲ್ಲ ಪರಿಚಯ.

"ಬರ್ರಿ ಶಂಕ್ರಣ್ಣ. ಕುಂಡ್ರಿ. ಈಗ ಚಾ ಮಾಡೇನಿ, ನಿಮ್ಮ ಪುಣ್ಯ."

ತಂಬಿಗೆ, ಕಪ್ಪು, ಗುಳಿಗೆ ಎಲ್ಲವನ್ನೂ ಬೆರಳುಗಳಿಂದ ನೋಡಿ ಜೋಡಿಸಿದಳು. ಬಲಗೈಯ ಮೇಲೆ ಸುಟ್ಟ ಕಲೆ, ಅದರ ಪಕ್ಕದಲ್ಲಿ ಹೊಸದೊಂದು. ನನ್ನ ಹೆಂಡತಿಯ ಕ್ಷೇಮ ಕೇಳಿದಳು. ಮೊಣಕಾಲಿಗೆ ಎಳ್ಳೆಣ್ಣೆ ಹಚ್ಚಿಕೊಳ್ಳಲು ಹೇಳಿದಳು. ಆಮೇಲೆ ಸುಮ್ಮನೆ, ಬೆಳ್ಳುಳ್ಳಿಯ ಸಿಪ್ಪೆ ಊದುತ್ತ, ಹೇಳಿದಳು.

"ಆ ಸಂಪಗಾಂವದ ಸಾಲಿ ರಾಮದುರ್ಗದ ಕಡ್ಯಾವ ಯಾರೋ ತಗೊಂಡ್ರಂತ. ಇವರು ಹೇಳಿದ್ರು. ಅವರಿಗೂ ಏನ್ ತ್ರಾಸ ಇತ್ತೋ ಏನೋ, ಬೈಬ್ಯಾಡ ಅಂದ್ರು. ನಾ ಬೈದಿಲ್ರಿ. ಕೈ ಸುಟ್ಟಾಗ ಅಷ್ಟ ನೆನಪಾಕ್ಕಾರ."

ನಾನು ಕಪ್ಪು ಹಿಡಿದುಕೊಂಡೇ ಇದ್ದೆ.

"ನಿಮ್ಮ ಸಾಲಿ ಯಾವೂರಾಗ ಬಂತ್ರಿ ಶಂಕ್ರಣ್ಣ? ಇವರನ್ನ ಕೇಳಿದ್ರ ಇಲ್ಲೇ ಹತ್ರ ಅಂತಾರ, ಊರ ಹೇಳಂಗಿಲ್ಲ."

ಬೈಲಹೊಂಗಲದ ಸುತ್ತ ಎಷ್ಟು ಊರುಗಳಿವೆ. ಯಾವ ಹೆಸರು ಹೇಳಿದರೂ ಆಕೆ ನಂಬುತ್ತಿದ್ದಳು. ದಾದಾಪೀರ ಆ ಬಾಗಿಲನ್ನೂ ನನಗಾಗಿ ತೆರೆದಿಟ್ಟಿದ್ದ.

"ಸಂಪಗಾಂವ, ಭಾಭಿ" ಎಂದೆ. "ರಾಮದುರ್ಗದಾವ ಯಾರೂ ಇಲ್ಲ. ಬ್ಯಾಡ ಅಂತೇನಿ ಅಂತ ಅವಗ ಮಾತ ಕೊಟ್ಟಿದ್ನಿ. ಅನ್ನಲಿಲ್ಲ. ಎರಡ ಸಲ ಕೇಳಿದ್ರು, ಎರಡೂ ಸಲ ನಂದ ಅಂದೆ. ನನ್ನದು ತಪ್ಪಾತು."

ಬೆಳ್ಳುಳ್ಳಿಯ ಮೇಲೆ ಬೆರಳು ನಿಂತವು. ಆಕೆಯ ಮುಖ ನನ್ನ ಕಡೆ ಇತ್ತು, ಕಣ್ಣು ನನ್ನ ಭುಜದಾಚೆ ಎಲ್ಲೋ. ಕೊನೆಗೆ ಕೈ ಚಾಚಿ, ನನ್ನ ಕೈಯಲ್ಲಿದ್ದ ಕಪ್ಪನ್ನು ಮುಟ್ಟಿ ನೋಡಿದಳು.

"ಚಾ ಆರೇತಿ" ಎಂದಳು. "ಒಳಗ ಹೋಗಿ ನೀವ ಬಿಸಿ ಮಾಡ್ಕೊರಿ, ಒಲಿ ನನಗ ಕಾಣಂಗಿಲ್ಲ. ಅನ್ನಕ್ಕೂ ಇಡಬೇಕು. ಎಂಟಕ್ಕ ಅವರು ಬರತಾರ, ಅಲ್ಲೀತನಕ ಇಲ್ಲೇ ಇರ್ರಿ."

ಎದ್ದು ಒಳಗೆ ಹೋದೆ. ಆಗಿನ್ನೂ ಐದೂಮುಕ್ಕಾಲು.